ಕಲ್ಲು ಬಾಗುತ್ತದೆ, ಹರಿಯುತ್ತದೆ, ಸಿಡಿಯುತ್ತದೆ: ಅಂಡಮಾನ್–ಸುಮಾತ್ರಾ ಸಬ್ಡಕ್ಷನ್ ವಲಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2004ರ ಡಿಸೆಂಬರ್ 26ರ ಬೆಳಿಗ್ಗೆ ಬೆಂಗಳೂರು ಸುಮಾರು ಒಂದು ಸೆಂಟಿಮೀಟರ್ ಪೂರ್ವಕ್ಕೆ ಸರಿಯಿತು. ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಜಿಪಿಎಸ್ ಯಂತ್ರಕ್ಕೆ ಗೊತ್ತಾಯಿತು. ಅದೇ ಬೆಳಿಗ್ಗೆ ಗ್ರೇಟ್ ನಿಕೋಬಾರಿನ ದಕ್ಷಿಣ ತುದಿ ನಾಲ್ಕು ಮೀಟರಿಗೂ ಜಾಸ್ತಿ ಕುಸಿಯಿತು. ಉತ್ತರ ಅಂಡಮಾನಿನ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಬಿದ್ದವು. ಆ ದಿನದ ಸುನಾಮಿಯ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಆದರೆ ಕೆಳಗಿದ್ದ ಕಲ್ಲಿಗೆ ಏನಾಯಿತು? ಅದನ್ನು ಕೇಳುವವರು ಸಾಮಾನ್ಯವಾಗಿ ಕೇಳುವುದು ಇವನ್ನು.

ಸಬ್ಡಕ್ಷನ್ ವಲಯ ಅಂದರೆ ಏನು?

ಒಂದು ಭೂಫಲಕ, ಅಂದರೆ ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡು, ಇನ್ನೊಂದರ ಕೆಳಗೆ ನುಗ್ಗುವ ಜಾಗ. ಇಲ್ಲಿ ಭಾರತದ ಕಡೆಯ ಸಮುದ್ರತಳ ಬಾಗಿ, ಸುಮಾತ್ರಾ, ನಿಕೋಬಾರ್, ಅಂಡಮಾನ್ ಕೂತಿರುವ ಫಲಕದ ಅಡಿಗೆ ಇಳಿಯುತ್ತದೆ. ವೇಗ ಸುಮಾತ್ರಾ ಹತ್ತಿರ ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್. ಬಾಗುವ ಜಾಗದಲ್ಲಿ ಸಮುದ್ರತಳ ಆಳವಾದ ಕಂದಕವಾಗಿರುತ್ತದೆ. ಅದು ಈ ದ್ವೀಪಗಳ ಪಶ್ಚಿಮಕ್ಕಿದೆ.

ಶಾಲೆಯ ಪುಸ್ತಕದ ಚಿತ್ರದಲ್ಲಿ ಎರಡು ರಟ್ಟಿನ ಹಾಳೆ ಒಂದರಡಿ ಒಂದು ಸರಿದ ಹಾಗೆ ಬರೆದಿರುತ್ತಾರೆ. ನನಗೆ ಆ ಚಿತ್ರದ ಮೇಲೆ ಹಳೇ ಸಿಟ್ಟಿದೆ. ನಿಜವಾಗಿ ಅಲ್ಲಿ ಯಾವುದೂ ಸಲೀಸಾಗಿ ಸರಿಯುವುದಿಲ್ಲ. ಕಲ್ಲು ಬಾಗುತ್ತದೆ, ನುಣ್ಣಗೆ ಅರೆದುಹೋಗುತ್ತದೆ, ಕರಗಿ ಬೇರೆ ಕಡೆ ಹೋಗಿ ಹೆಪ್ಪುಗಟ್ಟುತ್ತದೆ, ಹಿಟ್ಟಿನ ಹಾಗೆ ಹರಿಯುತ್ತದೆ. ನೂರಾರು ವರ್ಷ ಬಿಗಿಹಿಡಿದು ಒಂದೇ ಸಲ ಸಿಡಿಯುವುದೂ ಉಂಟು.

ಕಲ್ಲು ಒಡೆಯಬೇಕು, ಅದು ಹೇಗೆ ಬಾಗುತ್ತದೆ?

ಬೆಲ್ಲ ನೋಡಿ. ಅಚ್ಚು ಬೆಲ್ಲಕ್ಕೆ ಕುಟ್ಟಾಣಿಯಿಂದ ಹೊಡೆದರೆ ಚೂರಾಗುತ್ತದೆ. ಅದೇ ಬೆಲ್ಲವನ್ನು ಬೇಸಿಗೆಯಲ್ಲಿ ಡಬ್ಬದಲ್ಲಿ ಮರೆತುಬಿಟ್ಟರೆ ಅಂಚು ಮೆತ್ತಗಾಗಿ ತಳಕ್ಕೆ ಕೂರುತ್ತದೆ. ಸ್ವಲ್ಪ ನೀರು ತಾಗಿದ್ದರೆ ಇನ್ನೂ ಬೇಗ. ಬೆಲ್ಲ ಅದೇ. ಬದಲಾಗಿದ್ದು ಬಿಸಿ, ನೀರು, ಮತ್ತೆ ನಾವು ಕೊಟ್ಟ ಸಮಯ.

ಕಲ್ಲೂ ಹಾಗೇ. ಬೆಣಚುಕಲ್ಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಡೆಯುವ ಬದಲು ನಿಧಾನಕ್ಕೆ ಹರಿಯತೊಡಗುತ್ತದೆ. ಫೆಲ್ಡ್‌ಸ್ಪಾರ್ ಎಂಬ ಖನಿಜಕ್ಕೆ 450ರ ಆಸುಪಾಸು ಬೇಕು. ಭೂಮಿಯ ಒಳಪದರದ ಆಲಿವಿನ್ ಎಂಬ ಖನಿಜಕ್ಕೆ ಇನ್ನೂ ಜಾಸ್ತಿ. ಹರಿಯುವುದು ಅಂದರೆ ದ್ರವವಾಗುವುದಲ್ಲ, ಕಲ್ಲು ಗಟ್ಟಿಯಾಗಿಯೇ ಇರುತ್ತದೆ. ಅದರ ಹರಳುಗಳೊಳಗೆ ಸಾಲು ತಪ್ಪಿದ ಅಣುಗಳ ಎಳೆಗಳಿರುತ್ತವೆ. ದೊಡ್ಡ ಜಮಖಾನೆಯನ್ನು ಒಂದೇ ಸಲ ಎಳೆಯಲು ಕಷ್ಟ, ಅಲ್ವಾ? ಒಂದು ತುದಿಯಲ್ಲಿ ಸುಕ್ಕು ಮಾಡಿ ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿದರೆ ಜಮಖಾನೆ ಅಷ್ಟೇ ಸರಿದಿರುತ್ತದೆ. ಹರಳಿನೊಳಗೆ ಓಡಾಡುವುದು ಅಂಥ ಸುಕ್ಕುಗಳು.

ಸುತ್ತಲಿನ ಒತ್ತಡವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಕಿಲೋಮೀಟರ್ ಆಳದಲ್ಲಿ ಎಲ್ಲ ಕಡೆಯಿಂದ ಅಮುಕಿರುವ ಕಲ್ಲಿನಲ್ಲಿ ಬಿರುಕು ಬಾಯಿ ತೆರೆಯುವುದೇ ಕಷ್ಟ. ಕಲ್ಲು ಗಟ್ಟಿ ಅನ್ನುವುದು ತಣ್ಣನೆಯ ನೆಲದ ಮೇಲೆ ನಿಂತ, ಆತುರದ ನಮ್ಮ ಮಾತು.

ಭೂಕಂಪಗಳ ನಡುವಿನ ನೂರಾರು ವರ್ಷ ಅಲ್ಲಿ ಏನು ನಡೆಯುತ್ತದೆ?

ಎರಡು ಫಲಕಗಳು ಮುಟ್ಟುವ ಜಾಗದಲ್ಲಿ ಒಂದು ಭಾಗ ಕಚ್ಚಿಕೊಂಡಿರುತ್ತದೆ. ಉಷ್ಣತೆ ಸುಮಾರು 100–150 ಡಿಗ್ರಿಯಿಂದ 350 ಡಿಗ್ರಿಯವರೆಗೆ ಇರುವ ಪಟ್ಟಿ ಅದು. ಕೆಳಗಿನ ಫಲಕ ಇಳಿಯುತ್ತಲೇ ಇರುತ್ತದೆ, ಮೇಲಿನದರ ಮೂತಿಯನ್ನೂ ಜೊತೆಗೆ ಕೆಳಕ್ಕೆ ಎಳೆಯುತ್ತದೆ. ಮೂತಿ ಕೆಳಕ್ಕೆ ಹೋದಾಗ ಅದರ ಹಿಂದಿನ ನೆಲ ಸ್ವಲ್ಪ ಉಬ್ಬುತ್ತದೆ. ಬಿಲ್ಲು ಬಗ್ಗಿಸಿದ ಹಾಗೆ.

ಎಷ್ಟು ಬಗ್ಗುತ್ತದೆ? ವರ್ಷಕ್ಕೆ 4 ಸೆಂಟಿಮೀಟರ್ ಲೆಕ್ಕದಲ್ಲಿ 500 ವರ್ಷಕ್ಕೆ 20 ಮೀಟರ್ ಆಯಿತು. ಅದು 200 ಕಿಲೋಮೀಟರ್ ಅಗಲದ ಕಲ್ಲಿನಲ್ಲಿ ಹಂಚಿಹೋಗಿದೆ ಅಂದುಕೊಳ್ಳಿ. ಒಂದು ಮೀಟರ್ ಉದ್ದದ ಕಲ್ಲಿನ ಪಾಲಿಗೆ ಬರುವುದು ಬರೀ 0.1 ಮಿಲಿಮೀಟರ್, ಒಂದು ಕಾಗದದ ದಪ್ಪ. ಕಲ್ಲು ಸಹಿಸುವುದೇ ಅಷ್ಟು. ಆದರೆ ಆ ಕಾಗದದ ದಪ್ಪ ಇನ್ನೂರು ಕಿಲೋಮೀಟರ್ ಉದ್ದಕ್ಕೂ ಒಂದೇ ಸಲ ಬಿಟ್ಟುಕೊಂಡರೆ ಸಮುದ್ರವೇ ಎದ್ದುಬರುತ್ತದೆ.

2004ರಲ್ಲಿ ಕೆಲವು ದ್ವೀಪ ಮುಳುಗಿದವು, ಕೆಲವು ಎದ್ದವು. ಒಂದೇ ಭೂಕಂಪದಲ್ಲಿ ಎರಡೂ ಹೇಗೆ?

ಬಿಲ್ಲು ಬಿಟ್ಟಾಗ ಮೂತಿ ಮೇಲಕ್ಕೆ, ಸಮುದ್ರದ ಕಡೆಗೆ ಹಾರುತ್ತದೆ. ಹಿಂದೆ ಉಬ್ಬಿದ್ದ ನೆಲ ಎಳೆದಂತಾಗಿ ತೆಳುವಾಗುತ್ತದೆ, ಕುಸಿಯುತ್ತದೆ. ನಡುವೆ ಏರದ, ಇಳಿಯದ ಒಂದು ಗೆರೆ ಇರುತ್ತದೆ. ಬಾಗಿಲಿನ ಕೀಲಿನ ಹಾಗೆ.

ಆ ಬೆಳಿಗ್ಗೆ ನಮ್ಮ ಸಮಯ 6:29ರ ಹೊತ್ತಿಗೆ ಸುಮಾತ್ರಾ ಬಳಿ ಒಡೆತ ಶುರುವಾಯಿತು. ಎಂಟು–ಹತ್ತು ನಿಮಿಷದಲ್ಲಿ ಸುಮಾರು 1300 ಕಿಲೋಮೀಟರ್ ಉತ್ತರಕ್ಕೆ ಹರಿದುಕೊಂಡು ಹೋಯಿತು. ಕಂದಕಕ್ಕೆ ಹತ್ತಿರವಿದ್ದ ಉತ್ತರ ಸೆಂಟಿನೆಲ್, ಇಂಟರ್‌ವ್ಯೂ ದ್ವೀಪಗಳು ಮೇಲೆದ್ದವು. ಉಪಗ್ರಹ ಚಿತ್ರದಲ್ಲಿ ಅವುಗಳ ಸುತ್ತ ಹೊಸದಾಗಿ ಹೊರಬಿದ್ದ ಹವಳದ ಬಿಳಿ ಅಂಚು ಕಾಣುತ್ತದೆ. ಗೆರೆಯ ಪೂರ್ವಕ್ಕಿದ್ದ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀವಿಜಯಪುರಂ, ಸುಮಾರು ಒಂದು ಮೀಟರ್ ಇಳಿಯಿತು. ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ಸುಮಾರು 4.25 ಮೀಟರ್ ಇಳಿಯಿತು. ಅಲ್ಲಿನ ದೀಪಸ್ತಂಭದ ಬುಡಕ್ಕೆ ಸಮುದ್ರ ಬಂದು ನಿಂತಿತು.

ಬೆಂಗಳೂರು ಪೂರ್ವಕ್ಕೆ ಸರಿದದ್ದೂ ಇದೇ ಲೆಕ್ಕ. ಮೇಲಿನ ಫಲಕ ಪಶ್ಚಿಮಕ್ಕೆ ಜಿಗಿದರೆ ಕೆಳಗಿನದು ಪೂರ್ವಕ್ಕೆ ಜಾರುತ್ತದೆ. ನಾವಿರುವುದು ಆ ಕೆಳಗಿನ ಫಲಕದ ಮೇಲೆ.

ಜಿಪಿಎಸ್ ಬರುವ ಮೊದಲಿನದ್ದು ಹೇಗೆ ಗೊತ್ತಾಗುತ್ತದೆ?

ಹವಳ ಬರೆದಿಟ್ಟಿದೆ. ಸುಮಾತ್ರಾದ ಪಶ್ಚಿಮ ದ್ವೀಪಗಳ ಅಂಚಿನಲ್ಲಿ ಚಪ್ಪಟೆ ತಲೆಯ ಹವಳದ ಗುಂಡುಗಳಿವೆ. ಅವು ಸಮುದ್ರ ತೀರಾ ಇಳಿದಾಗಿನ ಮಟ್ಟದವರೆಗೆ ಮಾತ್ರ ಬೆಳೆಯುತ್ತವೆ. ಅದಕ್ಕಿಂತ ಮೇಲಿನ ಭಾಗ ಬಿಸಿಲಿಗೆ ಸಾಯುತ್ತದೆ. ನೆಲ ನಿಧಾನಕ್ಕೆ ಮುಳುಗುತ್ತಿದ್ದರೆ ಹವಳದ ಅಂಚು ವರ್ಷ ವರ್ಷ ಮೇಲಕ್ಕೆ ಬೆಳೆದು ಬಟ್ಟಲಿನ ಆಕಾರ ಬರುತ್ತದೆ. ನೆಲ ಒಮ್ಮೆಲೇ ಎದ್ದರೆ ತಲೆ ಸತ್ತು, ಕೆಳಗೆ ಟೋಪಿಯ ಅಂಚಿನ ಹಾಗೆ ಹೊಸ ಸುತ್ತು ಶುರುವಾಗುತ್ತದೆ. ಮರದ ಹಾಗೆ ವರ್ಷದ ಉಂಗುರಗಳೂ ಇವೆ. ಭೂವಿಜ್ಞಾನಿ ಕೆರ್ರಿ ಸೀ ಮತ್ತು ಜೊತೆಗಾರರು ಗರಗಸದಿಂದ ಇವನ್ನು ಹೋಳು ಮಾಡಿ ನೂರಾರು ವರ್ಷಗಳ ಏರಿಳಿತ ಓದಿದ್ದಾರೆ.

ಅದರಲ್ಲಿ ನನಗೆ ತುಂಬ ಇಷ್ಟದ್ದು ಸಿಮೆಲುವೆ ದ್ವೀಪದ ಕಥೆ. ಅದರ ಆಸುಪಾಸಿನಲ್ಲಿ 1861ರಲ್ಲಿ ದೊಡ್ಡ ಭೂಕಂಪ ಆಗಿತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹವಳದ ಉಂಗುರ ನೋಡಿ ಹೇಳಿದ್ದು: 1829ರಿಂದ 1861ರವರೆಗೆ, ಪೂರಾ 32 ವರ್ಷ, ಆಳವಿಲ್ಲದ ಭಾಗದಲ್ಲಿ ಫಲಕಗಳು ಸದ್ದಿಲ್ಲದೆ ಜಾರುತ್ತಿದ್ದವು. ನಡುಕ ಇಲ್ಲ, ಸುದ್ದಿ ಇಲ್ಲ. ಆಮೇಲೆ ಪಕ್ಕದ ಭಾಗ ಸಿಡಿಯಿತು.

ಅಂದರೆ ಸದ್ದಿಲ್ಲದೆ ಜಾರುವ ಭೂಕಂಪವೂ ಇದೆಯಾ?

ಇದೆ. ಕೆನಡಾ–ಅಮೆರಿಕದ ಕ್ಯಾಸ್ಕೇಡಿಯಾದಲ್ಲಿ ಸುಮಾರು 14 ತಿಂಗಳಿಗೊಮ್ಮೆ ಆಗುತ್ತದೆ, ವಾರಗಟ್ಟಲೆ ನಡೆಯುತ್ತದೆ. ಕಚ್ಚಿಕೊಂಡ ಪಟ್ಟಿಗೂ ಅದರ ಕೆಳಗಿನ ಹರಿಯುವ ಪಟ್ಟಿಗೂ ನಡುವಿನ ಜಾಗ ಅದು. ಅಲ್ಲಿನ ಕಲ್ಲು ಪೂರ್ತಿ ಒಡೆಯುವುದೂ ಅಲ್ಲ, ಪೂರ್ತಿ ಹರಿಯುವುದೂ ಅಲ್ಲ. ಗಟ್ಟಿ ತುಂಡುಗಳು ಮೆತ್ತನೆಯ ಜೇಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಚಿತ್ರಾನ್ನದಲ್ಲಿ ಕಡ್ಲೆಬೀಜದ ಹಾಗೆ. ಜೇಡಿ ಹರಿಯುತ್ತದೆ, ತುಂಡುಗಳು ಸೀಳುತ್ತವೆ. ಇಂಥ ಕಲಬೆರಕೆ ಕಲ್ಲಿಗೆ ಮೆಲಾಂಜ್ ಅನ್ನುತ್ತಾರೆ. ಜಪಾನಿನ ಶಿಮಾಂಟೊ ಪಟ್ಟಿಯಲ್ಲಿ ಹಳೆಯದೊಂದು ಮೇಲೆ ಬಂದು ಕಡಲತೀರದಲ್ಲೇ ನೋಡಲು ಸಿಗುತ್ತದೆ.

ಅಂಡಮಾನ್ ದ್ವೀಪಗಳು ಬಂದದ್ದು ಹೇಗೆ? ಅವು ಜ್ವಾಲಾಮುಖಿಗಳಾ?

ಅಲ್ಲ. ಬ್ಯಾರನ್, ನಾರ್ಕೊಂಡಂ ಎರಡು ಬಿಟ್ಟರೆ ಉಳಿದದ್ದು ಹೆಚ್ಚುಕಮ್ಮಿ ಕೆರೆದು ಗುಡ್ಡೆ ಹಾಕಿದ ಸಮುದ್ರತಳ.

ನಾಟಿಗೆ ಮುಂಚೆ ಗದ್ದೆಗೆ ಹಲಗೆ ಹೊಡೆಯುವುದನ್ನು ನೋಡಿದ್ದೀರಾ? ಹಲಗೆಯ ಮುಂದೆ ಕೆಸರು ಗುಡ್ಡೆಯಾಗುತ್ತಾ ಹೋಗುತ್ತದೆ. ಗುಡ್ಡೆ ಒಂದು ಇಳಿಜಾರಿಗೆ ಬರುವವರೆಗೆ ಎತ್ತರ ಆಗುತ್ತದೆ. ಆಮೇಲೆ ಎತ್ತರ ಆಗುವುದಿಲ್ಲ, ಇಡೀ ಗುಡ್ಡೆ ಮುಂದಕ್ಕೆ ಜಾರುತ್ತಾ ಮೂತಿಯಲ್ಲಿ ಹೊಸ ಕೆಸರು ಸೇರಿಸಿಕೊಳ್ಳುತ್ತದೆ. ಕೆಸರು ನೀರಾಗಿದ್ದರೆ ಇಳಿಜಾರು ಚಪ್ಪಟೆ, ಗಟ್ಟಿಯಾಗಿದ್ದರೆ ಕಡಿದು. ಸಬ್ಡಕ್ಷನ್ ವಲಯದ ಮೂತಿಯ ಗಣಿತವೂ ಇದೇ. ಕೆಳಗಿನ ಫಲಕದ ಮೇಲಿನ ಹೂಳು ಒಳಗೆ ಹೋಗಲು ಒಪ್ಪದೆ ಮೇಲಿನ ಫಲಕದ ಮೂತಿಗೆ ಹೋಳು ಹೋಳಾಗಿ ಮೆತ್ತಿಕೊಳ್ಳುತ್ತದೆ. ಇಸ್ಪೀಟೆಲೆ ಒರಗಿಸಿಟ್ಟ ಹಾಗೆ ಒಂದರ ಮೇಲೊಂದು. ನಡುನಡುವೆ ಸಮುದ್ರತಳದ ಲಾವಾ ಮತ್ತು ಅದರಡಿಯ ಕಪ್ಪು–ಹಸಿರು ಕಲ್ಲಿನ ತುಂಡುಗಳೂ ಸಿಕ್ಕಿಕೊಂಡಿವೆ.

ಶ್ರೀವಿಜಯಪುರಂನ ಕಾರ್ಬಿನ್ಸ್ ಕೋವ್ ಕಡಲತೀರದಲ್ಲಿ ಮರಳುಗಲ್ಲು ಮತ್ತು ಜೇಡಿಗಲ್ಲು ಪದರ ಪದರವಾಗಿ ಕಾಣುತ್ತವೆ. ಒಂದು ಪದರದ ಮೇಲೆ ಬೆರಳಾಡಿಸಿ. ಒಂದು ಅಂಚಿನಲ್ಲಿ ಮರಳು ತರಿ ತರಿ, ಇನ್ನೊಂದು ಅಂಚಿಗೆ ಹೋಗುತ್ತಾ ನುಣುಪು. ಆಳ ಸಮುದ್ರದಲ್ಲಿ ಕೆಸರು ನೀರು ಒಮ್ಮೆ ನುಗ್ಗಿ ಬಂದು ನಿಂತಾಗ ದಪ್ಪ ಮರಳು ಮೊದಲು ಕೂರುತ್ತದೆ, ಸಣ್ಣದು ಆಮೇಲೆ. ಹಾಗಾಗಿ ತರಿ ಇರುವುದು ಯಾವತ್ತೂ ಬುಡ. ಮಡಿಕೆ ಬಿದ್ದ ಕಲ್ಲಿನಲ್ಲಿ ಎಲ್ಲಾದರೂ ತರಿ ಅಂಚು ಮೇಲಿದ್ದರೆ ಆ ಪದರ ಅಡಿಮೇಲಾಗಿದೆ ಅಂತ ಅರ್ಥ. ಭೂವಿಜ್ಞಾನದವರು ದೊಡ್ಡ ಮಡಿಕೆ ಪತ್ತೆ ಮಾಡುವುದು ಹೀಗೆ, ಬೆರಳಲ್ಲಿ. ಈ ಮರಳು ಹಿಮಾಲಯದ್ದಾ, ಮ್ಯಾನ್ಮಾರ್ ಕಡೆಯದ್ದಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಎಲ್ಲ ಕಡೆ ಹೀಗೆ ಗುಡ್ಡೆ ಬೀಳುತ್ತದಾ?

ಇಲ್ಲ. ಹೂಳು ಕಡಿಮೆ ಇದ್ದರೆ ಕೆಳಗಿನ ಫಲಕ ಉಜ್ಜುಕೊರಡಿನ ಹಾಗೆ ಮೇಲಿನದರ ತಳವನ್ನೇ ಕೆರೆದು ಒಳಕ್ಕೆ ಒಯ್ಯುತ್ತದೆ. ಉತ್ತರ ಚಿಲಿಯಲ್ಲಿ, ಈಶಾನ್ಯ ಜಪಾನಿನಲ್ಲಿ ಹಾಗೇ ಆಗುತ್ತಿದೆ. ಅಲ್ಲಿ ಖಂಡದ ಅಂಚು ಬೆಳೆಯುವುದಿಲ್ಲ, ಸವೆಯುತ್ತದೆ.

ದೊಡ್ಡ ಭೂಕಂಪದಲ್ಲಿ ಜಾರುವ ಪದರ ಎಷ್ಟು ದಪ್ಪ?

ನಂಬುವುದು ಕಷ್ಟ, ಆದರೆ ತೀರಾ ತೆಳು. 2011ರ ಮಾರ್ಚ್ 11ರ ಜಪಾನ್ ಭೂಕಂಪದಲ್ಲಿ ಕಂದಕದ ಹತ್ತಿರ ಸುಮಾರು 50 ಮೀಟರ್ ಜಾರಿಕೆ ಆಯಿತು. ಮರುವರ್ಷ ಚಿಕ್ಯೂ ಎಂಬ ಹಡಗು ಸುಮಾರು 6900 ಮೀಟರ್ ನೀರಿನಡಿ, ಸಮುದ್ರತಳದಿಂದ ಇನ್ನೂ 800 ಮೀಟರ್ ಚಿಲ್ಲರೆ ಕೊರೆದು ಆ ಬಿರುಕನ್ನೇ ಮುಟ್ಟಿತು. ದಪ್ಪ ಐದು ಮೀಟರಿಗಿಂತ ಕಡಿಮೆ. ಒಳಗೆ ಇದ್ದದ್ದು ಸ್ಮೆಕ್ಟೈಟ್ ಎಂಬ ಜಾರುವ ಜೇಡಿ, ಚಿಪ್ಪು ಚಿಪ್ಪಾಗಿ ಮಿರುಗುವಂಥದ್ದು. ಬಾವಿಯಲ್ಲಿ ಉಷ್ಣಮಾಪಕಗಳನ್ನು ಇಳಿಬಿಟ್ಟರು. ಭೂಕಂಪ ಆಗಿ ಒಂದೂವರೆ ವರ್ಷ ದಾಟಿದ್ದರೂ ಅಲ್ಲಿ ಸುತ್ತಲಿಗಿಂತ 0.31 ಡಿಗ್ರಿ ಹೆಚ್ಚು ಬಿಸಿ ಉಳಿದಿತ್ತು. ಕೈ ಕೈ ಉಜ್ಜಿದರೆ ಬಿಸಿಯಾಗುತ್ತದಲ್ಲ, ಅದೇ ಬಿಸಿ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಘರ್ಷಣೆಯ ಗುಣಾಂಕ ಬರೀ 0.08. ಸಾಮಾನ್ಯ ಕಲ್ಲಿನದ್ದು 0.6ರ ಮೇಲಿರುತ್ತದೆ. ಮಳೆಗಾಲದ ತೋಟದ ಬದುವಿನ ಮೇಲೆ ಜಾರಿ ಬಿದ್ದವರಿಗೆ 0.08 ಅಂದರೇನು ಅಂತ ವಿವರಿಸಬೇಕಿಲ್ಲ.

ಹಾಗಾದರೆ ಸುಮಾತ್ರಾದಲ್ಲೂ ಮೆತ್ತನೆ ಜೇಡಿಯೇ ಕಾರಣವಾ?

ಅಲ್ಲಿ ಉಲ್ಟಾ. 2016ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಸುಮಾತ್ರಾದ ಪಶ್ಚಿಮಕ್ಕೆ, ಇನ್ನೂ ಕಂದಕಕ್ಕೆ ಇಳಿಯದ ಸಮುದ್ರತಳವನ್ನು ಸುಮಾರು ಒಂದೂವರೆ ಕಿಲೋಮೀಟರ್ ಕೊರೆಯಿತು. ಅಲ್ಲಿನ ಹೂಳಿನ ಬಹುಪಾಲು ಹಿಮಾಲಯದ್ದು. ಗಂಗೆ, ಬ್ರಹ್ಮಪುತ್ರ ಹೊತ್ತು ತಂದು ಬಂಗಾಳ ಕೊಲ್ಲಿಗೆ ಸುರಿದು, ಅಲ್ಲಿಂದ ದಕ್ಷಿಣಕ್ಕೆ ಜಾರಿ ಬಂದದ್ದು. ಕಂದಕದ ಹತ್ತಿರ ಅದರ ದಪ್ಪ ನಾಲ್ಕೈದು ಕಿಲೋಮೀಟರ್. ಅಷ್ಟು ದಪ್ಪದ ಕಂಬಳಿ ಹೊದ್ದ ತಳದ ಪದರ ಬಿಸಿಯಾಗಿ, ಖನಿಜಗಳೊಳಗಿನ ನೀರನ್ನು ಕಂದಕ ಮುಟ್ಟುವ ಮೊದಲೇ ಬಿಟ್ಟುಬಿಟ್ಟಿದೆ. ಒಣಗಿದ ಹೂಳು ಗಟ್ಟಿ. ಗಟ್ಟಿಯಾದದ್ದು ಕಚ್ಚಿಕೊಳ್ಳುತ್ತದೆ, ಕಂದಕಕ್ಕೆ ತೀರಾ ಹತ್ತಿರದವರೆಗೂ. 2004ರ ಒಡೆತ ಅಷ್ಟು ಮೇಲಿನವರೆಗೆ ಬರಲು ಇದೊಂದು ಕಾರಣ ಅನ್ನುತ್ತಾರೆ. ಎರಡು ಕಡೆ ಎರಡು ಥರದ ಜೇಡಿ, ಎರಡೂ ಕಡೆ ಭಯಂಕರ ಸುನಾಮಿ. ಒಂದೇ ಸೂತ್ರ ಹುಡುಕುವವರಿಗೆ ಈ ವಿಷಯ ಒಗ್ಗುವುದಿಲ್ಲ.

ನೀರಿನ ಪಾತ್ರ ಇನ್ನೇನು?

ನೀರೇ ಅರ್ಧ ಕಥೆ. ಹೂಳನ್ನು ಹಿಂಡಿದಾಗ ನೀರು ಹೊರಬರಬೇಕು. ದಾರಿ ಸಿಗದಿದ್ದರೆ ಅದರ ಒತ್ತಡ ಏರಿ ಕಲ್ಲನ್ನೇ ಒಳಗಿನಿಂದ ಎತ್ತಿಹಿಡಿಯುತ್ತದೆ, ಆಗ ಜಾರುವುದು ಸುಲಭ. ಅಂಡಮಾನಿನ ಬಾರಾಟಾಂಗ್ ದ್ವೀಪದ ಕೆಸರು ಜ್ವಾಲಾಮುಖಿ ಇದೇ. ಅದಕ್ಕೂ ಬೆಂಕಿಗೂ ಸಂಬಂಧವಿಲ್ಲ. ಕೆಳಗೆ ಹಿಂಡಿದ ಕೆಸರು, ನೀರು, ಅನಿಲ ಮೇಲಕ್ಕೆ ಬಂದು ಗುಳ್ಳೆ ಒಡೆಯುತ್ತವೆ. ದೂರದಿಂದ ಬಂದು ಸುಮ್ನೆ ಬೂದು ಕೆಸರು ನೋಡಿದೆವು ಎಂದು ಬೈದುಕೊಂಡು ಹೋಗುವ ಪ್ರವಾಸಿಗರೇ ಜಾಸ್ತಿ.

ಇನ್ನೊಂದು ಕೆಲಸ ಇನ್ನೂ ಸೂಕ್ಷ್ಮ. ಒತ್ತಡ ಬಿದ್ದ ಕಡೆ ಬೆಣಚಿನ ಕಣ ನೀರಿನಲ್ಲಿ ಕರಗುತ್ತದೆ, ಒತ್ತಡ ಕಡಿಮೆ ಇರುವ ಬಿರುಕಿನಲ್ಲಿ ಮತ್ತೆ ಹರಳುಗಟ್ಟುತ್ತದೆ. ಕಪ್ಪು ಕಲ್ಲಿನಲ್ಲಿ ಬಿಳಿ ದಾರದಂತೆ ಕಾಣುವ ಗೆರೆಗಳು ಹೀಗೆ ಬಂದವು. ಕಲ್ಲು ಒಡೆಯದೆಯೇ, ಹರಿಯದೆಯೇ ಆಕಾರ ಬದಲಿಸಿತು.

ನೀರು ಆಲಿವಿನ್ ಇರುವ ಕಲ್ಲಿಗೆ ಸೇರಿದರೆ ಸರ್ಪೆಂಟೈನ್ ಎಂಬ ಖನಿಜ ಹುಟ್ಟುತ್ತದೆ, ಕೆಲವೊಮ್ಮೆ ಟಾಲ್ಕ್ ಕೂಡ. ಟಾಲ್ಕ್ ಅಂದರೆ ಬಳಪದ ಕಲ್ಲಿನ ಜೀವ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಯಾವ ಮೆತ್ತನೆಗುಣ ನೋಡಿ ಆ ಕಲ್ಲು ಆರಿಸಿದರೋ, ಅದೇ ಮೆತ್ತನೆಗುಣ ಆಳದ ಬಿರುಕಿನಲ್ಲಿ ಫಲಕಗಳನ್ನು ಸದ್ದಿಲ್ಲದೆ ಜಾರಿಸುತ್ತದೆ.

ಇಳಿದ ಫಲಕ ಕೊನೆಗೆ ಏನಾಗುತ್ತದೆ?

ಲಾವಾ ಕಲ್ಲು ಒತ್ತಡಕ್ಕೆ ಸಿಕ್ಕಿ ಎಕ್ಲೊಗೈಟ್ ಆಗುತ್ತದೆ. ಹಸಿರು ಮೈಯಲ್ಲಿ ಗಾರ್ನೆಟ್ ಎಂಬ ಹರಳಿನ ಕೆಂಪು ಚುಕ್ಕೆ, ನೋಡಲು ಚೆಂದ. ಸುತ್ತಲಿನ ಕಲ್ಲಿಗಿಂತ ಭಾರವಾಗುವುದರಿಂದ ಅದು ಮುಳುಗುತ್ತಾ ಹಿಂದಿನ ಫಲಕವನ್ನೂ ಎಳೆಯುತ್ತದೆ. ಈ ಬದಲಾವಣೆಯಲ್ಲಿ ಬಿಟ್ಟ ನೀರು ಮೇಲಿನ ಬಿಸಿ ಕಲ್ಲಿಗೆ ಸೇರಿ ಅದು ಕರಗುವ ಉಷ್ಣತೆಯನ್ನು ಇಳಿಸುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ ಹೀಗೆ ಹುಟ್ಟಿದ ಪಾಕ ಮೇಲೆ ಬಂದರೆ ಜ್ವಾಲಾಮುಖಿ. ಬ್ಯಾರನ್ ದ್ವೀಪ ಅಂಥದ್ದು. 1787ರಲ್ಲಿ ಉಗುಳಿದ್ದು ದಾಖಲೆಯಾಗಿದೆ, ಬಹಳ ಕಾಲ ಮಲಗಿ 1991ರಲ್ಲಿ ಮತ್ತೆ ಎದ್ದಿತು.

ಅಷ್ಟು ಆಳಕ್ಕೆ ಹೋದ ಕಲ್ಲನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?

ಲಡಾಖಿನಲ್ಲಿ ನೋಡಬಹುದು. ಹಿಮಾಲಯ ಏಳುವ ಮೊದಲು ಅಲ್ಲೂ ಸಬ್ಡಕ್ಷನ್ ವಲಯವಿತ್ತು. ಸಮುದ್ರ ಪೂರ್ತಿ ಒಳಗೆ ಹೋದ ಮೇಲೆ ಅದರ ಬಾಲ ಹಿಡಿದುಕೊಂಡು ಭಾರತ ಖಂಡದ ಅಂಚೂ ಇಳಿಯಿತು. ಸುಮಾರು ಐದು ಕೋಟಿ ವರ್ಷದ ಹಿಂದಿನ ಮಾತು. ತ್ಸೊ ಮೊರಿರಿ ಸರೋವರದ ಬಳಿಯ ಎಕ್ಲೊಗೈಟಿನಲ್ಲಿ ಕೋಸೈಟ್ ಎಂಬ ಖನಿಜ ಸಿಕ್ಕಿದೆ. ಬೆಣಚಿನದ್ದೇ ರಾಸಾಯನಿಕ, ಆದರೆ ಹುಟ್ಟಲು ಸುಮಾರು 90 ಕಿಲೋಮೀಟರ್ ಆಳದ ಒತ್ತಡ ಬೇಕು. ಖಂಡದ ಕಲ್ಲು ಹಗುರ, ಹಾಗಾಗಿ ನೀರಿಗೆ ಅದುಮಿದ ತೆಂಗಿನಕಾಯಿಯಂತೆ ವಾಪಸ್ ಬಂತು. ಗಾರ್ನೆಟ್ಟಿನೊಳಗೆ ಭದ್ರವಾಗಿ ಸಿಕ್ಕಿಕೊಂಡಿದ್ದ ಕೋಸೈಟ್ ಮಾತ್ರ ಹಳೇ ರೂಪದಲ್ಲೇ ಉಳಿದಿದೆ.

ಭೂಕಂಪ ಮುಗಿದ ಮೇಲೆ ಎಲ್ಲ ಶಾಂತವಾ?

ಇಲ್ಲ. 2004ರಲ್ಲಿ ನೂರಾರು ಕಿಲೋಮೀಟರ್ ದೂರದ ಥಾಯ್ಲೆಂಡಿನ ಫುಕೆಟ್ ಸುಮಾರು 27 ಸೆಂಟಿಮೀಟರ್ ಸರಿಯಿತು. ಆಮೇಲೂ ವರ್ಷಗಟ್ಟಲೆ ಅದೇ ಕಡೆಗೆ ಸರಿಯುತ್ತಲೇ ಹೋಯಿತು. ಮೇಲಿನ ಗಟ್ಟಿ ಕಲ್ಲು ಕ್ಷಣದಲ್ಲಿ ಜಿಗಿದರೂ ಅದರಡಿಯ ಬಿಸಿ ಕಲ್ಲಿಗೆ ಹೊಂದಿಕೊಳ್ಳಲು ವರ್ಷಗಳು ಬೇಕು. ಅದು ಹರಿದಷ್ಟೂ ಮೇಲಿನದು ತೇಲುತ್ತದೆ.

ನಮ್ಮ ಕರಾವಳಿಯಲ್ಲೂ ಹೀಗೆ ಆಗಬಹುದಾ?

ಕಾರವಾರದಿಂದ ಮಂಗಳೂರಿನವರೆಗಿನ ಅಂಚಿನಲ್ಲಿ ಫಲಕ ಇಳಿಯುತ್ತಿಲ್ಲ. ಮಡಗಾಸ್ಕರ್ ನಮ್ಮಿಂದ ಬೇರೆಯಾದಾಗ ಹರಿದ ಅಂಚು ಅದು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಆ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷದ್ದು. ಅರಬ್ಬಿ ಸಮುದ್ರದ ಉತ್ತರ ಅಂಚಿನಲ್ಲಿ ಮಾತ್ರ ಮಕ್ರಾನ್ ಸಬ್ಡಕ್ಷನ್ ವಲಯ ಇದೆ. ಅಲ್ಲಿ 1945ರ ನವೆಂಬರ್ 28ರಂದು ಆದ ಭೂಕಂಪದ ಸುನಾಮಿ ಮುಂಬೈವರೆಗೂ ಬಂದಿತ್ತು.

ಮುಂದಿನದು ಯಾವಾಗ ಅಂತ ಹೇಳಬಹುದಾ?

ದಿನ, ತಿಂಗಳು ಹೇಳಲು ಬರುವುದಿಲ್ಲ. ಯಾವ ಭಾಗ ಕಚ್ಚಿಕೊಂಡಿದೆ, ಅಲ್ಲಿ ಎಷ್ಟು ಮೀಟರ್ ಬಾಕಿ ಇದೆ ಅಂತ ಹೇಳಬಹುದು. ವಾಟ್ಸಾಪಿನಲ್ಲಿ ತಾರೀಕು ಹಾಕಿ ಬರುವುದನ್ನು ಅಳಿಸಿಬಿಡಿ.

ಇದನ್ನೆಲ್ಲ ನೋಡಬೇಕು ಅಂದರೆ ಎಲ್ಲಿಗೆ ಹೋಗಲಿ?

ಮೊದಲು ಕಾರ್ಬಿನ್ಸ್ ಕೋವ್. ಊರಿಗೆ ಹತ್ತಿರ. ಕಡಲ ಇಳಿತದ ಹೊತ್ತು ವಿಚಾರಿಸಿಕೊಂಡು ಹೋಗಿ, ಉಬ್ಬರದಲ್ಲಿ ಪದರಗಳು ಅರ್ಧ ನೀರಲ್ಲಿರುತ್ತವೆ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ಬಾರಾಟಾಂಗಿಗೆ ರಸ್ತೆಯಲ್ಲಿ ಹೋಗುವುದು ಜರವಾ ಜನರ ಕಾಡಿನ ಮೂಲಕ, ಬೆಂಗಾವಲಿನ ಜೊತೆ. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ.